ಮೊಳೆ ಜೋಡಿಸುವುದು

ದೇಹದಾನದ ಅರ್ಜಿಯಲ್ಲಿ ಉದ್ಯೋಗದ ಎದುರು
ಅವರೇ ಬರೆದದ್ದು: ಮೊಳೆ ಜೋಡಿಸುವುದು.
ಗುಮಾಸ್ತೆ ಬಡಗಿ ಅಂದುಕೊಂಡಳು, ಹಾಗೇ ನಮೂದಿಸಿದಳು.
ಎರಡು ವರ್ಷ ಬೂದ್ಯಪ್ಪ ನಮ್ಮ ಕಡತದಲ್ಲಿ ಬಡಗಿಯಾಗೇ ಇದ್ದರು,
ಸತ್ತು, ಫಾರ್ಮಲಿನ್ನಿನಲ್ಲಿ ನೆನೆದು,
ಬಲಗೈ ಮೈಯಿಂದ ಬೇರೆಯಾದ ಮೇಲೂ.

ನನಗೆ ಗೊತ್ತಿತ್ತು. ದುರ್ಗಿಗುಡಿಯ ಅಚ್ಚುಕೂಟದಲ್ಲಿ
ನಮ್ಮಕ್ಕನ ಲಗ್ನಪತ್ರಿಕೆ ಜೋಡಿಸಿದ ಕೈ ಇದು.
ಖಾನೆಯಿಂದ ಖಾನೆಗೆ, ಕೋಳಿ ಕಾಳು ಹೆಕ್ಕಿದ ಹಾಗೆ
ತೋರುಬೆರಳು, ಹೆಬ್ಬೆರಳು, ಸೀಸದ ಒಂದೊಂದೇ ಅಕ್ಷರ,
ಎಲ್ಲ ಕನ್ನಡಿಯೊಳಗಿನಂತೆ ತಿರುಗುಮುರುಗು.
"ನೆಟ್ಟಗಿದ್ದದ್ದು ಓದಿದ್ರೆ ನಂಗೆ ತಲೆ ಸುತ್ತುತ್ತೆ ಕಣಮ್ಮ" ಅಂದಿದ್ದರು.

ಬೆರಳು ಮೊದಲು ಕೆಳಗಿನ ಮಹಡಿಗೆ ಹೋಯಿತು.
ಡಾಕ್ಟರ್ ಇಮ್ತಿಯಾಜರ ಯಂತ್ರ
ಹನ್ನೊಂದು ನಿಮಿಷದಲ್ಲಿ ಅದನ್ನು ಸಾವಿರದಿನ್ನೂರು ಹೋಳು ಮಾಡಿತು,
ಒಂದು ಗೀರೂ ಬೀಳದಂತೆ.
ಪರದೆಯ ಮೇಲೆ ನಡುಗೆಣ್ಣು
ಬೇಸಿಗೆಯ ತುಂಗೆಯಲ್ಲಿ ಮೇಲೆದ್ದ ಬಂಡೆಯ ಹಾಗೆ ಬೆಳ್ಳಗೆ.
ಅಂಚಿನಲ್ಲೊಂದು ಕಪ್ಪು ಗುಳಿ, ಸಾಸಿವೆಗಿಂತ ಚಿಕ್ಕದು.
"ಸವೆತ" ಅಂದರು. "ರೋಗ ತಿಂದದ್ದು."
ಬಾಣದ ಗುರುತು ಹಾಕಿದರು.

ನನ್ನದು ನಿಧಾನದ ಕೆಲಸ.
ಮೂರು ವಾರ ಆಮ್ಲದಲ್ಲಿ ಕೂತು ಗೆಣ್ಣು ತನ್ನ ಸುಣ್ಣ ಬಿಟ್ಟುಕೊಟ್ಟಿತು.
ದಿನಾ ಬೆಳಿಗ್ಗೆ ಚಿಮುಟದಲ್ಲಿ ಹಿಡಿದು ನೋಡುವುದು;
ಒಂದು ದಿನ ಮೂಳೆ ರಬ್ಬರಿನಂತೆ ಬಾಗುತ್ತದೆ,
ಬದುಕಿದ್ದಾಗ ಯಾರಿಗೂ ಹಾಗೆ ಬಾಗದ್ದು.
ಆಮೇಲೆ ಮೇಣ. ಮಾರ್ಚ್ ತಿಂಗಳ ಶಿವಮೊಗ್ಗದಲ್ಲಿ ಮೇಣ ನಿಲ್ಲುವುದಿಲ್ಲ.
ಗೇಟಿನೆದುರಿನ ಕಬ್ಬಿನಹಾಲಿನ ಗಾಡಿಯಿಂದ ಐಸು ಸಾಲ ತಂದು
ಅದರ ಮೇಲೆ ಕೂರಿಸಿ, ಚಕ್ರ ತಿರುಗಿಸುತ್ತೇನೆ.
ಕೂದಲಿನ ಹದಿನೈದರಲ್ಲೊಂದು ಪಾಲಿನ ಪದರ
ಬೆಚ್ಚನೆ ನೀರಲ್ಲಿ ಬಿಚ್ಚಿಕೊಳ್ಳುತ್ತದೆ. ಕೆಲವು ಹರಿದವು,
ಕೆಲವು ಮಡಿಚಿಕೊಂಡವು, ಒಂದನ್ನು ನನ್ನ ಸೀನೇ ಹಾರಿಸಿತು.
ಸಾವಿರದಿನ್ನೂರಕ್ಕೆ ಪ್ರತಿಯಾಗಿ ನನ್ನ ಬಳಿ ಹದಿನಾರು.

ಸಾಲದ್ದಕ್ಕೆ ಅಲಗು ನಾಲ್ಕು ಡಿಗ್ರಿ ಓರೆ.
ಅವರ ಹೋಳು ನನ್ನ ಗಾಜಿಗೆ ಕೂಡುವುದಿಲ್ಲ.
ಎರಡು ದಿನ ಆ ಗುಳಿಗಾಗಿ ಅಲೆದೆ,
ಬೀದಿ ಸರಿ, ಅಡ್ಡರಸ್ತೆ ತಪ್ಪಿದವಳ ಹಾಗೆ.

ಸಿಕ್ಕಿದ್ದು ಹನ್ನೊಂದನೆಯದರಲ್ಲಿ.
ಗುಳಿಯಲ್ಲ, ಓಣಿ. ನಡುವೆ ರಕ್ತನಾಳ,
ಗೋಡೆಗೆ ಒತ್ತಿ ಕೂತ ನೇರಳೆ ಕೋಶಗಳ ಸಾಲು,
ಅವುಗಳ ಬೆನ್ನಿಗೆ ಗುಲಾಬಿಯ ತೆಳು ಅಂಚು:
ಮೂಳೆಯಾಗಲು ಹೊರಟದ್ದು, ಇನ್ನೂ ಸುಣ್ಣ ಹಿಡಿಯದ್ದು.
ಯಂತ್ರದ ಪಾಲಿಗೆ ಸುಣ್ಣವಿಲ್ಲದ್ದು ಇಲ್ಲವೇ ಇಲ್ಲ.
ಎಪ್ಪತ್ತಮೂರರಲ್ಲಿ, ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೆ,
ಆ ಬೆರಳು ಸವೆಯುತ್ತಿರಲಿಲ್ಲ, ತುಂಬಿಕೊಳ್ಳುತ್ತಿತ್ತು.
ಅಂತ ನನಗನಿಸುತ್ತದೆ.
ಖಚಿತ ಹೇಳಲಾರೆ. ಯಾವುದರಲ್ಲಿ ಸುಣ್ಣವಿತ್ತು, ಯಾವುದರಲ್ಲಿ ಇರಲಿಲ್ಲ
ಎಂಬ ಸಾಕ್ಷಿಯನ್ನು ನಾನೇ ತೊಳೆದಿದ್ದೇನೆ.

ಇಮ್ತಿಯಾಜ್ ಮೇಲೆ ಬಂದರು, ಕನ್ನಡಕ ಹಣೆಗೇರಿಸಿ ಬಗ್ಗಿದರು.
ಸೂಕ್ಷ್ಮದರ್ಶಕದಲ್ಲಿ ಗಾಜನ್ನು ಎಡಕ್ಕೆ ತಳ್ಳಿದರೆ
ಕಾಣುವುದು ಬಲಕ್ಕೆ ಓಡುತ್ತದೆ.
ಅವರಿಗೆ ರೂಢಿಯಿಲ್ಲ, ಓಣಿ ಕೈತಪ್ಪಿತು.
"ಎಲ್ಲಿ? ಎಲ್ಲಿ?" ಅಂದರು, ಮಕ್ಕಳ ಹಾಗೆ.
ಬೂದ್ಯಪ್ಪನವರಾಗಿದ್ದರೆ ಸಲೀಸಾಗಿ ಓದುತ್ತಿದ್ದರು.

ಬಾಣ ಅಳಿಸಲಿಲ್ಲ ಅವರು. ನಾನೂ ಅಳಿಸಿ ಅನ್ನಲಿಲ್ಲ.
ಪಕ್ಕದಲ್ಲಿ ಪೆನ್ಸಿಲ್ಲಿನಿಂದ, ಕರಡು ತಿದ್ದುವವರಂತೆ,
ಒಂದು ಪ್ರಶ್ನೆಯ ಚಿಹ್ನೆ.

ಸಂಜೆ ಕಡತ ತೆಗೆದು ಬಡಗಿಯನ್ನು ಹೊಡೆದುಹಾಕಿ
ಮೊಳೆ ಅಂತ ಬರೆಯಹೋದರೆ ಮೂಳೆ ಅಂತ ಬಿತ್ತು.
ಮತ್ತೆ ಹೊಡೆದು ಮತ್ತೆ ಬರೆದೆ. ಹಾಳೆ ಗಲೀಜಾಯಿತು.

ಆಮ್ಲದ ಜಾಡಿ ತೊಳೆಯುತ್ತ ನಿಂತಾಗ ಹೊಳೆಯಿತು:
ನಲವತ್ತು ವರ್ಷ ಸೀಸ ಮುಟ್ಟಿದ ಕೈ.
ಸುಣ್ಣದ ಜೊತೆ ಅದೂ ಇಷ್ಟು ಇಳಿದಿತ್ತೇನೋ.
ಅಳೆಯಬಹುದಿತ್ತು.
ನಲ್ಲಿ ಬಿಟ್ಟಾಗಿತ್ತು ಅಷ್ಟರಲ್ಲಿ.